ಹನ್ನೆರಡನೆಯ ಹೆಸರು

ಶನಿವಾರ ಸಂಜೆಯ ಬಲಿಪೂಜೆ ಮುಗಿಸಿ, ಪೂಜಾವಸ್ತ್ರ ಕಳಚಿಟ್ಟು ಹೊರಗೆ ಬಂದಾಗ ದೇವಾಲಯದ ಮೆಟ್ಟಿಲ ಮೇಲೆ ಒಬ್ಬ ತಂದೆ ಕುಳಿತಿದ್ದರು. ಕಂಪ್ಲಿ ಕಡೆಯವರು. ಗುತ್ತಿಗೆಗೆ ಹಿಡಿದ ಎರಡು ಎಕರೆಯಲ್ಲಿ ಭತ್ತ ಬೆಳೆಯುವವರು. ಮಗ ಬಿ.ಕಾಂ. ಎರಡನೆಯ ವರ್ಷದಲ್ಲಿ ಓದುತ್ತಿದ್ದ. ಎತ್ತರದ ಹುಡುಗ, ಕಾಲೇಜಿನ ಬ್ಯಾಸ್ಕೆಟ್‌ಬಾಲ್ ತಂಡದಲ್ಲಿ ಆಡುತ್ತಿದ್ದ. ಇದು ನಡೆದು ಮೂರು ವರ್ಷವಾಗಿರಬೇಕು. ಕಾಲೇಜು ಯಾವುದೆಂದು ಹೇಳುವುದು ಬೇಡ. ನಮ್ಮ ಕಡೆಯದೇ ಒಂದು.

“ಸ್ವಾಮಿ, ಸೋಮವಾರ ಪಟ್ಟಿ ಹಚ್ಚಿದ್ರು. ಹನ್ನೆರಡು ಹೆಸರೊಳಗ ನಮ್ಮ ಹುಡುಗಂದು ಕೊನೇದು. ಗುರುವಾರ ನೋಡಿದ್ರ ಬ್ಯಾರೆ ಪಟ್ಟಿ. ಹನ್ನೊಂದು ಹೆಸರು ಅವಾ ಅದಾವು. ಕೊನೇದು ಮಾತ್ರ ಬ್ಯಾರೆ.”

ಆ ಬೇರೆ ಹೆಸರು ಯಾರದೆಂದು ಕೇಳಿದೆ. ತಂಡದ ಟ್ರ್ಯಾಕ್‌ಸೂಟಿಗೂ ರೈಲಿನ ಟಿಕೆಟ್ಟಿಗೂ ಹಣ ಕೊಟ್ಟ ಲಾರಿ ಮಾಲೀಕರ ಮಗನದು. “ಕಾಲುವಿ ಮ್ಯಾಗಿನವ್ರು ರಾತ್ರೋರಾತ್ರಿ ತೂಬು ಎತ್ತಿ ನೀರು ತಿರುಗಿಸ್ಕೊಂಡಂಗ ಆತ್ರಿ” ಎಂದರು. ಸ್ವಲ್ಪ ಹೊತ್ತು ಸುಮ್ಮನಿದ್ದು ಅವರೇ ಮುಂದುವರಿಸಿದರು: “ಆದ್ರ ಸ್ವಾಮಿ, ಹ್ವಾದ ವರ್ಷ ನಮ್ಮ ಹುಡುಗನ ಕಾಲಿಗೆ ಬೂಟು ಕೊಡಿಸಿದ್ದೂ ಅವ್ರಾ. ಈಗ ನಾ ಯಾರ ಮ್ಯಾಲೆ ಸಿಟ್ಟಾಗ್ಲಿ? ಇದು ಪಾಪಾನೋ ಅಲ್ಲೋ, ಅಷ್ಟು ಹೇಳ್ರಿ. ಪಾಪ ಆದ್ರ, ಯಾರ್ದು?”

ನಾನು ಹೇಳಿದ್ದಿಷ್ಟೇ: “ಎಲ್ಲಾ ದೇವರ ಚಿತ್ತ, ಪ್ರಾರ್ಥನೆ ಮಾಡಿ.” ಅವರು ತಲೆಯಾಡಿಸಿ, ಕೊನೆಯ ಬಸ್ಸು ತಪ್ಪೀತೆಂದು ಎದ್ದು ಹೋದರು. ಗುರುಮಠದಲ್ಲಿ ವರ್ಷಗಟ್ಟಲೆ ನೀತಿಶಾಸ್ತ್ರ ಓದಿದ ನಾನು ಒಬ್ಬ ಪ್ರಾಮಾಣಿಕ ಮನುಷ್ಯನ ಪ್ರಾಮಾಣಿಕ ಪ್ರಶ್ನೆಯನ್ನು ಕೈ ತೊಳೆದಂತೆ ಕಳುಹಿಸಿಬಿಟ್ಟೆ. ಅಂದು ಕೊಡಬೇಕಾಗಿದ್ದ ಉತ್ತರವನ್ನು ಇಂದು ಹುಡುಕುತ್ತಿದ್ದೇನೆ. ಮಕ್ಕಳನ್ನು ಮೈದಾನಕ್ಕೆ ಕಳುಹಿಸುವ ತಂದೆತಾಯಿಗಳು ನಮ್ಮಲ್ಲಿ ಅನೇಕರಿದ್ದಾರೆ. ಅವರಿಗೂ ಇದು ಬೇಕಾದೀತು.

ಆಟದಲ್ಲೊಂದು ಹೆಸರು ಬಿಟ್ಟುಹೋದರೆ ಲೋಕ ಮುಳುಗೀತೇ ಎಂದು ಕೆಲವರು ಕೇಳಬಹುದು. ಲೆಕ್ಕ ಹಾಕಿ ನೋಡೋಣ. ಬ್ಯಾಸ್ಕೆಟ್‌ಬಾಲ್ 40 ನಿಮಿಷದ ಆಟ, ಹತ್ತು ಹತ್ತು ನಿಮಿಷದ ನಾಲ್ಕು ಭಾಗ. ಅಂಗಳದಲ್ಲಿ ಒಂದು ತಂಡದ ಐವರು. ಅಂದರೆ ತಂಡಕ್ಕೆ ಹಂಚಲು ಇರುವುದು ಒಟ್ಟು 200 ನಿಮಿಷ. ಹನ್ನೆರಡು ಮಂದಿಗೆ ಸಮನಾಗಿ ಹಂಚಿದರೆ ತಲೆಗೆ 16 ನಿಮಿಷ 40 ಸೆಕೆಂಡು ಬರುತ್ತದೆ. ಯಾವ ಕೋಚೂ ಹಾಗೆ ಹಂಚುವುದಿಲ್ಲ, ಹಂಚಬೇಕಾಗಿಯೂ ಇಲ್ಲ. ಚೆನ್ನಾಗಿ ಆಡುವವನು ಮೂವತ್ತೈದು ನಿಮಿಷ ಆಡುತ್ತಾನೆ, ಹನ್ನೆರಡನೆಯವನು ಎರಡು ನಿಮಿಷ ಆಡಿದರೆ ಅವನ ಪುಣ್ಯ. ಆದರೆ ಪಟ್ಟಿಯಲ್ಲಿ ಹೆಸರಿದ್ದರೆ ಅವನು ಊರು ಬಿಟ್ಟು ದೊಡ್ಡ ಪಂದ್ಯ ನೋಡುತ್ತಾನೆ, ಪ್ರಮಾಣಪತ್ರ ಪಡೆಯುತ್ತಾನೆ. ಮುಂದೆ ಕ್ರೀಡಾ ಮೀಸಲಾತಿಯ ಸೀಟಿಗೋ ನೌಕರಿಗೋ ಅರ್ಜಿ ಹಾಕುವಾಗ ಆ ಕಾಗದ ಲೆಕ್ಕಕ್ಕೆ ಬಂದರೂ ಬರಬಹುದು. ಗುತ್ತಿಗೆ ರೈತನ ಮಗನಿಗೆ ಅದು ಸಣ್ಣ ಕಾಗದವಲ್ಲ.

ಈ ಆಟ ಹುಟ್ಟಿದ ಕಥೆಯನ್ನೂ ಇಲ್ಲಿ ನೆನೆಯಬೇಕು. 1891ರ ಡಿಸೆಂಬರ್‌ನಲ್ಲಿ ಅಮೆರಿಕದ ಸ್ಪ್ರಿಂಗ್‌ಫೀಲ್ಡ್ ಎಂಬ ಊರಿನ ವೈ.ಎಂ.ಸಿ.ಎ. ತರಬೇತಿ ಶಾಲೆಯಲ್ಲಿ, ದೈವಶಾಸ್ತ್ರ ಓದಿ ಬಂದಿದ್ದ ಜೇಮ್ಸ್ ನೈಸ್ಮಿತ್ ಎಂಬ ಪ್ರೊಟೆಸ್ಟೆಂಟ್ ಶಿಕ್ಷಕರು, ಚಳಿಗಾಲದಲ್ಲಿ ಒಳಾಂಗಣದಲ್ಲಿ ಆಡಲೆಂದು ಇದನ್ನು ರೂಪಿಸಿದರು. ಬಾಲ್ಕನಿಯ ಕಟಕಟೆಗೆ ಪೀಚ್ ಹಣ್ಣಿನ ಬುಟ್ಟಿಗಳನ್ನು ಹೊಡೆದರು, ಹದಿಮೂರು ನಿಯಮ ಬರೆದರು. ತರಗತಿಯಲ್ಲಿ ಇದ್ದವರು 18 ಮಂದಿ. ಒಂಬತ್ತು ಒಂಬತ್ತಾಗಿ ವಿಂಗಡಿಸಿ ಎಲ್ಲರನ್ನೂ ಆಡಿಸಿದರು. ಮೊದಲ ಪಂದ್ಯದಲ್ಲಿ ಬೆಂಚು ಕಾದವರು ಯಾರೂ ಇರಲಿಲ್ಲ! ಮುಂದೆ ಅವರು ಕ್ಯಾನ್ಸಸ್ ವಿಶ್ವವಿದ್ಯಾಲಯದ ಕೋಚ್ ಆದರು. 55 ಪಂದ್ಯ ಗೆದ್ದರು, 60 ಸೋತರು. ಆ ವಿಶ್ವವಿದ್ಯಾಲಯದ ಬ್ಯಾಸ್ಕೆಟ್‌ಬಾಲ್ ಚರಿತ್ರೆಯಲ್ಲಿ ಗೆದ್ದದ್ದಕ್ಕಿಂತ ಸೋತದ್ದೇ ಹೆಚ್ಚಾದ ಕೋಚ್ ಅವರೊಬ್ಬರೇ. ಆಟ ಕಟ್ಟಿದವರೇ ಆಟದಲ್ಲಿ ಸೋತರು. ನನಗೇಕೋ ಈ ಸಂಗತಿ ಬಹಳ ಹಿಡಿಸುತ್ತದೆ.

ಈಗ ಪ್ರಶ್ನೆಗೆ ಬರೋಣ. ಸಂತ ತೋಮಸ್ ಅಕ್ವಿನಾಸರು ನ್ಯಾಯವನ್ನು ವಿಚಾರಿಸುವಾಗ ‘ವ್ಯಕ್ತಿಪಕ್ಷಪಾತ’ ಎಂಬ ಪಾಪವನ್ನು ಪ್ರತ್ಯೇಕವಾಗಿ ಎತ್ತಿಕೊಳ್ಳುತ್ತಾರೆ. ಮುಖ ನೋಡಿ ಮಣೆ ಹಾಕುವುದು ಎಂದು ನಮ್ಮ ಜನ ಹೇಳುವುದು ಇದನ್ನೇ. ಅವರು ಕೊಡುವ ಉದಾಹರಣೆ ಸರಳ. ಒಬ್ಬನಿಗೆ ವಿದ್ಯೆ ಇದೆಯೆಂದು ಗುರುಪೀಠ ಕೊಟ್ಟರೆ ಅದು ನ್ಯಾಯ, ಏಕೆಂದರೆ ಆ ಪೀಠಕ್ಕೆ ತಕ್ಕ ಕಾರಣ ವಿದ್ಯೆಯೇ. ಆತ ಇಂಥವನು, ಶ್ರೀಮಂತನು ಎಂದು ಕೊಟ್ಟರೆ ಅದು ಪಕ್ಷಪಾತ. ಏನನ್ನು ಹಂಚುತ್ತಿದ್ದೇವೆಯೋ ಅದಕ್ಕೆ ತಕ್ಕ ಕಾರಣ ಯಾವುದು ಎಂದು ಮೊದಲು ಕೇಳಬೇಕು. ಔಷಧ ಹಂಚುವುದಾದರೆ ಕಾಯಿಲೆ, ಕೂಲಿ ಹಂಚುವುದಾದರೆ ದುಡಿಮೆ. ಕಾಲುವೆಯ ನೀರಾದರೆ ಜಮೀನೂ ಬೆಳೆಯೂ ಸರದಿಯೂ. ತಂಡದ ಸ್ಥಾನಕ್ಕೆ? ಗೆಲ್ಲುವುದೇ ಗುರಿಯಾದರೆ ಆಟದ ಬಲ್ಲತನ. ಬೆಳೆಸುವುದು ಗುರಿಯಾದರೆ ಶ್ರದ್ಧೆ, ಬೆಳಗಿನ ಅಭ್ಯಾಸಕ್ಕೆ ತಪ್ಪದೆ ಬರುವುದು. ಈ ಎರಡರಲ್ಲಿ ಯಾವುದು ಮೇಲು ಎಂದು ಕೋಚುಗಳು ಜಗಳವಾಡಲಿ, ಅದು ಒಳ್ಳೆಯ ಜಗಳ. ಅಪ್ಪನ ಲಾರಿಗಳ ಸಂಖ್ಯೆ ಈ ಜಗಳದೊಳಗೆ ಬರುವುದೇ ಇಲ್ಲ. ಚಿನ್ನದ ಉಂಗುರ ತೊಟ್ಟವನಿಗೆ ಒಳ್ಳೆಯ ಆಸನ, ಬಡವನಿಗೆ ಕಾಲಬಳಿಯ ನೆಲ ಎಂದು ಸಭೆಯಲ್ಲಿ ಭೇದ ಮಾಡುವವರನ್ನು ಯಕೋಬರು ತಮ್ಮ ಪತ್ರದಲ್ಲಿ ಗದರಿಸಿದ್ದು ಯಾವ ಶತಮಾನಕ್ಕೂ ಹಳತಾಗಿಲ್ಲ.

ಇಷ್ಟನ್ನು ಬರೆದು ನಿಲ್ಲಿಸಿದ್ದರೆ ನನ್ನ ಕೆಲಸ ಸುಲಭವಾಗುತ್ತಿತ್ತು. ಆದರೆ ಆ ತಂದೆ ಹೋದ ಮೇಲಿನ ವಾರ ನಾನು ಆ ಕಾಲೇಜಿನ ದೈಹಿಕ ಶಿಕ್ಷಣ ನಿರ್ದೇಶಕರನ್ನು ಕಂಡೆ. ನಮ್ಮ ಸಭೆಯವರಲ್ಲ, ಆದರೂ ಬಹುಕಾಲದ ಪರಿಚಯ. ನನ್ನ ಮಾತು ಮುಗಿಯುವುದರೊಳಗೆ ಅವರು ಮೇಜಿನ ಖಾನೆಯಿಂದ ಒಂದು ನೋಟ್‌ಬುಕ್ ತೆಗೆದು ಮುಂದಿಟ್ಟರು. ಮಕ್ಕಳಿಂದ ಪ್ರವೇಶದ ವೇಳೆ ತೆಗೆದುಕೊಳ್ಳುವ ಕ್ರೀಡಾ ಶುಲ್ಕ, ಅದರಲ್ಲಿ ಬ್ಯಾಸ್ಕೆಟ್‌ಬಾಲಿಗೆ ಸಿಗುವ ಪಾಲು, ಎರಡು ಚೆಂಡು, ಹರಿದ ಬಲೆ, ಸುಣ್ಣ, ಪ್ರಯಾಣಭತ್ಯೆಯ ಬಿಲ್ಲು ಮಂಜೂರಾಗುವ ತನಕ ಇವರೇ ಕೈಯಿಂದ ಹಾಕಿದ ಹಣ. ಕೋಚ್ ಎಂದರೆ ಬ್ಯಾಂಕಿನಿಂದ ನಿವೃತ್ತರಾದ ಹಳೆಯ ಆಟಗಾರರೊಬ್ಬರು. ಬೆಳಿಗ್ಗೆ ಆರಕ್ಕೆ ಸೈಕಲ್ಲಿನಲ್ಲಿ ಬರುತ್ತಾರೆ. ಸಂಬಳವಿಲ್ಲ, ವರ್ಷಕ್ಕೊಂದು ಶಾಲು.

“ಫಾದರ್, ಹನ್ನೊಂದು ಮಕ್ಕಳು ರೈಲು ಹತ್ತಬೇಕಾಗಿತ್ತು. ಆ ಯಜಮಾನರು ಬೇಡಿಕೆ ಇಡಲಿಲ್ಲ. ‘ನಮ್ಮ ಹುಡುಗನೂ ಒಂದ್ಸಲ ಹೋಗಿಬರ್ಲಿ’ ಅಂದರು, ಅಷ್ಟೇ. ನಾನು ಇಲ್ಲ ಅಂದಿದ್ರೆ ಹನ್ನೆರಡೂ ಮಕ್ಕಳು ಮನೇಲೇ ಉಳೀತಿದ್ರು. ನೀವಾಗಿದ್ರೆ ಏನ್ ಮಾಡ್ತಿದ್ರಿ?”

ಇದು ಸುಲಭದ ಪ್ರಶ್ನೆಯಲ್ಲ. ಒಬ್ಬನಿಗೆ ಆದ ನಷ್ಟವನ್ನು ಹನ್ನೊಂದು ಮಂದಿಗೆ ಆದ ಲಾಭದೊಂದಿಗೆ ತೂಗಿ ನೋಡಿದರೆ ತಕ್ಕಡಿ ಅವರ ಕಡೆಗೇ ವಾಲುತ್ತದೆ. ಹಾಗೆ ತೂಗುವ ಪದ್ಧತಿಗೆ ತತ್ತ್ವಶಾಸ್ತ್ರದಲ್ಲಿ ದೊಡ್ಡ ಹೆಸರುಗಳ ಬೆಂಬಲವೂ ಇದೆ. ಆದರೆ ಜನರೆಲ್ಲ ನಾಶವಾಗುವುದಕ್ಕಿಂತ ಒಬ್ಬನು ಹೋಗುವುದು ಲೇಸು ಎಂಬ ವಾದವನ್ನು ಶುಭಸಂದೇಶದಲ್ಲಿ ಮಂಡಿಸಿದವನು ಕಾಯಫ. ಆ ನಿರ್ದೇಶಕರು ಕಾಯಫರಲ್ಲ, ಅದನ್ನು ಇಲ್ಲೇ ಹೇಳಿಬಿಡುತ್ತೇನೆ. ಕಿಸೆಯ ಹಣ ಹಾಕಿ ಮಕ್ಕಳನ್ನು ಆಡಿಸುವವರನ್ನು ಹಾಗೆ ಕರೆಯಲು ನನಗೆ ಯಾವ ಅಧಿಕಾರವೂ ಇಲ್ಲ. ವಾದ ಮಾತ್ರ ಅದೇ. ಅದರಲ್ಲಿನ ದೋಷ ಎಲ್ಲಿದೆ? ಹನ್ನೊಂದು ಮಂದಿಯ ಲಾಭಕ್ಕಾಗಿ ಬಿಟ್ಟುಕೊಟ್ಟದ್ದು ನಿರ್ದೇಶಕರ ಸ್ವತ್ತನ್ನಲ್ಲ, ಹುಡುಗನ ಸ್ವತ್ತನ್ನು. ಅದೂ ಅವನನ್ನು ಕೇಳದೆ. ಸೋಮವಾರ ಹಲಗೆಗೆ ಹಚ್ಚಿದ ಮೇಲೆ ಆ ಸ್ಥಾನ ಅವನದಾಗಿತ್ತು. ಹನ್ನೆರಡು ಹುಡುಗರನ್ನು ಕೂರಿಸಿ ‘ಹಣವಿಲ್ಲ, ಒಂದು ಸ್ಥಾನ ಬಿಟ್ಟುಕೊಟ್ಟರೆ ಹೋಗಬಹುದು, ಏನು ಮಾಡೋಣ’ ಎಂದು ಕೇಳಬಹುದಾಗಿತ್ತು. ಹುಡುಗ ತಾನಾಗಿಯೇ ಹಿಂದೆ ಸರಿದಿದ್ದರೆ ಅದು ತ್ಯಾಗವಾಗುತ್ತಿತ್ತು. ಯಾರೂ ಕೇಳಲಿಲ್ಲ. ಹೆಸರಿನ ಜಾಗದಲ್ಲಿ ಬೇರೆ ಹೆಸರು ಬೆರಳಚ್ಚಾಯಿತು.

ಕೊಟ್ಟವರ ವಿಷಯ ಇನ್ನೂ ಸೂಕ್ಷ್ಮ. ಅವರೂ ನ್ಯಾಯವಾಗಿ ವಾದಿಸಬಹುದು: ದ್ರಾಕ್ಷಿತೋಟದ ಯಜಮಾನ ಕೊನೆಗೆ ಬಂದವನಿಗೂ ಪೂರ್ತಿ ಕೂಲಿ ಕೊಟ್ಟು, ನನ್ನದನ್ನು ನನ್ನ ಇಷ್ಟದಂತೆ ಕೊಡಬಾರದೇ ಎಂದು ಕೇಳಲಿಲ್ಲವೇ? ಕೇಳಿದ. ಆದರೆ ಆ ಯಜಮಾನ ಯಾರ ಕೂಲಿಯಿಂದಲೂ ಒಂದು ಕಾಸನ್ನೂ ಕಿತ್ತುಕೊಳ್ಳಲಿಲ್ಲ. ಬೆಳಿಗ್ಗೆಯೇ ಬಂದವನಿಗೆ ಒಪ್ಪಿದ್ದು ಪೂರ್ತಿ ಸಂದಿತು. ಔದಾರ್ಯವು ನ್ಯಾಯವನ್ನು ಮೀರಿ ಹರಿಯಬಹುದು, ನ್ಯಾಯವನ್ನು ಒಡೆದು ಹರಿಯಬಾರದು. ಟ್ರ್ಯಾಕ್‌ಸೂಟು ಕೊಟ್ಟ ದಿನ ಅದು ದಾನವಾಗಿತ್ತು. ಮಗನ ಹೆಸರು ಬಂದ ದಿನ ಅದು ಬೆಲೆಯಾಯಿತು. ಪವಿತ್ರಾತ್ಮರ ವರವನ್ನು ಹಣಕ್ಕೆ ಕೇಳಿದ ಸಿಮೋನನ ಕಥೆ ಪ್ರೇಷಿತರ ಕಾರ್ಯಕಲಾಪಗಳಲ್ಲಿದೆ. ಬೆಲೆ ಕಟ್ಟಬಾರದ ವಸ್ತುವಿಗೆ ಬೆಲೆ ಕಟ್ಟುವುದು ಗುರುದೀಕ್ಷೆಯ ವಿಷಯದಲ್ಲಿ ಮಾತ್ರ ನಡೆಯುವ ಪಾಪವಲ್ಲ.

ಇಲ್ಲಿ ಇನ್ನೊಬ್ಬ ಹುಡುಗನನ್ನೂ ನಾವು ಮರೆಯುತ್ತಿದ್ದೇವೆ, ಲಾರಿ ಮಾಲೀಕರ ಮಗನನ್ನು. ಅವನೂ ಆಟ ಕಲಿಯುತ್ತಿದ್ದವನೇ. ಮುಂದಿನ ವರ್ಷ ತನ್ನ ಕೈಯಿಂದಲೇ ಪಟ್ಟಿಗೆ ಬಂದರೂ ಬರುತ್ತಿದ್ದನೇನೋ. ಆ ಪ್ರಯಾಣದಲ್ಲಿ ಅವನು ಒಂದು ನಿಮಿಷವೂ ಆಡಲಿಲ್ಲವೆಂದು ಆಮೇಲೆ ತಿಳಿಯಿತು. ಹನ್ನೊಂದು ಮಂದಿ ಗೆಳೆಯರ ನಡುವೆ, ತಾನು ಏಕೆ ಅಲ್ಲಿದ್ದೇನೆಂದು ಎಲ್ಲರಿಗೂ ಗೊತ್ತಿದೆ ಎಂದು ತಿಳಿದೂ ನಾಲ್ಕು ದಿನ ಬೆಂಚಿನ ಮೇಲೆ ಕುಳಿತಿದ್ದ. ತನ್ನ ಯೋಗ್ಯತೆ ಎಷ್ಟೆಂದು ಪರೀಕ್ಷಿಸಿಕೊಳ್ಳುವ ಅವಕಾಶವನ್ನೇ ತಂದೆಯ ಪ್ರೀತಿ ಅವನಿಂದ ಕಸಿದುಕೊಂಡಿತು. ಮಕ್ಕಳಿಗೆ ದಾರಿ ಸುಗಮ ಮಾಡಲು ಹೊರಡುವ ತಂದೆತಾಯಿಗಳು ಈ ಹುಡುಗನ ಬಗ್ಗೆ ಒಂದು ಸಂಜೆ ಕುಳಿತು ಯೋಚಿಸಬೇಕು.

ಹಣ ಕಡಿಮೆಯಿರುವುದರಿಂದ ಈ ತೊಂದರೆ ಎಂದುಕೊಂಡರೆ ಅದೂ ತಪ್ಪು. ಅಮೆರಿಕದ ಕಾಲೇಜು ಬ್ಯಾಸ್ಕೆಟ್‌ಬಾಲನ್ನೇ ನೋಡಿ. ಅಲ್ಲಿನ ದೊಡ್ಡ ತಂಡಗಳ ಮುಖ್ಯ ಕೋಚುಗಳಿಗೆ ವರ್ಷಕ್ಕೆ ಹಲವು ದಶಲಕ್ಷ ಡಾಲರ್ ಸಂಬಳ. ಎಷ್ಟೋ ರಾಜ್ಯಗಳಲ್ಲಿ ಸರ್ಕಾರಿ ಸಂಬಳ ಪಡೆಯುವವರಲ್ಲಿ ಎಲ್ಲರಿಗಿಂತ ಮೇಲಿರುವವರು ರಾಜ್ಯಪಾಲರಲ್ಲ, ಫುಟ್‌ಬಾಲ್ ಅಥವಾ ಬ್ಯಾಸ್ಕೆಟ್‌ಬಾಲ್ ಕೋಚು. ಆಡುವ ವಿದ್ಯಾರ್ಥಿಗಳಿಗೆ ಮಾತ್ರ ವಿದ್ಯಾರ್ಥಿವೇತನ ಬಿಟ್ಟು ಬೇರೇನೂ ಕೊಡಬಾರದೆಂಬ ನಿಯಮ ಬಹುಕಾಲ ಇತ್ತು. ಅದು ಅನ್ಯಾಯವೇ ಆಗಿತ್ತು. 2021ರಲ್ಲಿ ಆಟಗಾರರು ತಮ್ಮ ಹೆಸರು, ಚಿತ್ರಗಳಿಂದ ಹಣ ಗಳಿಸಬಹುದು ಎಂದಾಯಿತು. 2025ರ ಜೂನ್‌ನಲ್ಲಿ ನ್ಯಾಯಾಲಯ ಮಂಜೂರು ಮಾಡಿದ ಒಪ್ಪಂದದಂತೆ ಕಾಲೇಜುಗಳೇ ತಮ್ಮ ಆಟಗಾರರಿಗೆ ನೇರವಾಗಿ ಹಣ ಕೊಡಬಹುದು. ಮೊದಲ ವರ್ಷಕ್ಕೆ ಒಂದು ಕಾಲೇಜಿನ ಎಲ್ಲ ಆಟಗಳಿಗೂ ಸೇರಿ ಮಿತಿ ಸುಮಾರು 2 ಕೋಟಿ 5 ಲಕ್ಷ ಡಾಲರ್. ನಮ್ಮ ರೂಪಾಯಿಯಲ್ಲಿ 170 ಕೋಟಿಗೂ ಹೆಚ್ಚು!

ಆದರೆ ಅದೇ ಒಪ್ಪಂದದ ಇನ್ನೊಂದು ಕಲಮನ್ನು ಓದಿ. ಹಣ ಕೊಡುವ ಕಾಲೇಜುಗಳು ಒಂದೊಂದು ಆಟದ ಪಟ್ಟಿಗೂ ಮಿತಿ ಹಾಕಿಕೊಳ್ಳಬೇಕು, ಬ್ಯಾಸ್ಕೆಟ್‌ಬಾಲಿಗೆ 15 ಮಂದಿ. ಒಪ್ಪಂದ ಇನ್ನೂ ಅಂತಿಮವಾಗುವ ಮೊದಲೇ ಎಷ್ಟೋ ಆಟಗಳಲ್ಲಿ, ವಿದ್ಯಾರ್ಥಿವೇತನವಿಲ್ಲದೆ ಕೇವಲ ಆಸೆಯಿಂದ ಅಭ್ಯಾಸಕ್ಕೆ ಬರುತ್ತಿದ್ದವರ ಹೆಸರುಗಳನ್ನು ಕಾಲೇಜುಗಳು ಹೊಡೆದು ಹಾಕಿದವು. 2025ರ ಏಪ್ರಿಲ್‌ನಲ್ಲಿ ನ್ಯಾಯಾಧೀಶೆ ಕ್ಲಾಡಿಯಾ ವಿಲ್ಕನ್ ಅವರು ಇದೊಂದು ಕಾರಣಕ್ಕೆ ಆ ಇಡೀ ಒಪ್ಪಂದಕ್ಕೆ ಸಹಿ ಹಾಕದೆ ನಿಲ್ಲಿಸಿದರು. ಸ್ಥಾನ ಕಳೆದುಕೊಂಡವರನ್ನು ಮಿತಿಯ ಲೆಕ್ಕಕ್ಕೆ ಹಿಡಿಯದೆ ಮತ್ತೆ ಸೇರಿಸಿಕೊಳ್ಳಲು ಅವಕಾಶ ಮಾಡಿದ ಮೇಲೆಯೇ ಜೂನ್‌ನಲ್ಲಿ ಒಪ್ಪಿದರು. ಸೇರಿಸಿಕೊಳ್ಳಲೇಬೇಕೆಂಬ ಕಟ್ಟಳೆ ಇಲ್ಲ, ಕಾಲೇಜಿನ ಇಷ್ಟ. ಅಷ್ಟಾದರೂ ಆಯಿತಲ್ಲ. ಕೋಟಿಗಟ್ಟಲೆ ಡಾಲರಿನ ಕಾಗದದ ಮುಂದೆ ಕುಳಿತ ಒಬ್ಬ ನ್ಯಾಯಾಧೀಶೆ ಪಟ್ಟಿಯ ತುದಿಯಲ್ಲಿದ್ದವನ ಬಗ್ಗೆ ಕೇಳಿದರು. ಕಂಪ್ಲಿಯ ಆ ತಂದೆ ನನ್ನನ್ನು ಕೇಳಿದ್ದೂ ಅದನ್ನೇ. ನಾನು ಉತ್ತರಿಸಲಿಲ್ಲ.

ನಮ್ಮ ಧರ್ಮಸಭೆ ಈ ಲೋಕದ ಹೊರಗೇನೂ ಇಲ್ಲ. ಪೋಪ್ ಹದಿನಾಲ್ಕನೇ ಲಿಯೋ ಅವರು 1977ರಲ್ಲಿ ಪದವಿ ಪಡೆದದ್ದು ಅಗಸ್ಟೀನಿಯನ್ ಸಭೆಯವರ ವಿಲನೋವಾ ವಿಶ್ವವಿದ್ಯಾಲಯದಲ್ಲಿ. ಆ ವಿದ್ಯಾಸಂಸ್ಥೆಯ ತಂಡ 1985, 2016, 2018ರಲ್ಲಿ ಅಮೆರಿಕದ ಕಾಲೇಜು ಬ್ಯಾಸ್ಕೆಟ್‌ಬಾಲ್ ಪ್ರಶಸ್ತಿ ಗೆದ್ದಿದೆ. ಶಿಕಾಗೋದ ಲೊಯೋಲಾ ವಿಶ್ವವಿದ್ಯಾಲಯದ ತಂಡಕ್ಕೆ ಆಧ್ಯಾತ್ಮಿಕ ಪಾಲಕರಾಗಿದ್ದ ಧರ್ಮಭಗಿನಿ ಜೀನ್ ಅವರು 2025ರ ಅಕ್ಟೋಬರ್‌ನಲ್ಲಿ ತಮ್ಮ 106ನೆಯ ವಯಸ್ಸಿನಲ್ಲಿ ದೈವಾಧೀನರಾದರು. 2018ರಲ್ಲಿ ಆ ತಂಡ ಕೊನೆಯ ನಾಲ್ಕರ ಘಟ್ಟ ತಲುಪಿದಾಗ ಗಾಲಿಕುರ್ಚಿಯಲ್ಲಿ ಕುಳಿತ ಈ ಅಜ್ಜಿಯ ಚಿತ್ರ ಜಗತ್ತಿನ ಪತ್ರಿಕೆಗಳಲ್ಲೆಲ್ಲ ಬಂದಿತ್ತು. ಪಂದ್ಯ ಮುಗಿದ ಮೇಲೆ ಆಟಗಾರರಿಗೆ ಪತ್ರ ಬರೆಯುವುದು ಅವರ ರೂಢಿ. 2018ರ ಜೂನ್ 1ರಂದು ವ್ಯಾಟಿಕನ್ ಕ್ರೀಡೆಯ ಬಗ್ಗೆಯೇ ಒಂದು ದಾಖಲೆ ಹೊರಡಿಸಿ, ಉದ್ದೀಪನ ಮದ್ದು, ಭ್ರಷ್ಟಾಚಾರ, ಮೈಯನ್ನು ಯಂತ್ರದಂತೆ ಬಳಸುವುದು ಇವೆಲ್ಲವನ್ನೂ ಚರ್ಚಿಸಿದೆ. ನಮ್ಮ ಧರ್ಮಕೇಂದ್ರಗಳಲ್ಲಿ ಅದನ್ನು ಓದಿದವರು ಎಷ್ಟು ಮಂದಿಯೋ!

ನಮ್ಮ ನೆಲದಲ್ಲೂ ಹಣ ಬಂದ ಕಾಲವಿತ್ತು. ಸಂಡೂರಿನ ಗುಡ್ಡಗಳಿಂದ ಅದಿರಿನ ಲಾರಿಗಳು ಹಗಲುರಾತ್ರಿ ಹೊಸಪೇಟೆ ದಾಟುತ್ತಿದ್ದ ವರ್ಷಗಳಲ್ಲಿ ಟೂರ್ನಿಗಳಿಗೆ, ಜೆರ್ಸಿಗಳಿಗೆ ಪ್ರಾಯೋಜಕರು ತಾವಾಗಿಯೇ ಬರುತ್ತಿದ್ದರು. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟು ಬಳ್ಳಾರಿ ಜಿಲ್ಲೆಯ ಗಣಿಗಾರಿಕೆ ನಿಲ್ಲಿಸಿದ ಮೇಲೆ ಎಷ್ಟೋ ಲಾರಿಗಳು ಅಂಗಳದಲ್ಲೇ ತುಕ್ಕು ಹಿಡಿದವು. ತೋರಣಗಲ್ಲಿನ ಬಳಿ 2018ರಲ್ಲಿ ಆರಂಭವಾದ ಇನ್‌ಸ್ಪೈರ್ ಕ್ರೀಡಾ ಸಂಸ್ಥೆಯಲ್ಲಿ ಕುಸ್ತಿ, ಬಾಕ್ಸಿಂಗ್, ಜೂಡೋ, ಅಥ್ಲೆಟಿಕ್ಸ್ ಕಲಿಸುತ್ತಾರೆ. ಒಲಿಂಪಿಕ್ ಪದಕವೇ ಅದರ ಗುರಿ, ಆದ್ದರಿಂದ ಬಲ್ಲವನನ್ನೇ ಆರಿಸಿಕೊಂಡರೆ ಯಾರ ತಕರಾರೂ ಇಲ್ಲ. ಕಾಲೇಜಿನ ತಂಡಕ್ಕೆ ಅಷ್ಟು ಸ್ಪಷ್ಟವಾದ ಗುರಿ ಇಲ್ಲದಿರುವುದೇ ಹಣ ಒಳಗೆ ಬರಲು ಸಂದಿಯಾಗುತ್ತದೆ ಎಂದು ನನಗೆ ತೋರುತ್ತದೆ.

ಹಂಪಿಗೆ ಹೋದಾಗ ಮಹಾನವಮಿ ದಿಬ್ಬದ ಬಳಿ ಸ್ವಲ್ಪ ಹೊತ್ತು ನಿಲ್ಲುವುದು ನನ್ನ ಅಭ್ಯಾಸ. ಕೃಷ್ಣದೇವರಾಯನ ಕಾಲದಲ್ಲಿ, ಸುಮಾರು 1520ರಲ್ಲಿ, ಆ ಹಬ್ಬ ಕಂಡ ಪೋರ್ಚುಗೀಸ್ ಪ್ರವಾಸಿ ಡೊಮಿಂಗೋ ಪಾಯೆಸ್ ಅಲ್ಲಿನ ಜಟ್ಟಿಗಳ ಕಾಳಗವನ್ನು ವರ್ಣಿಸಿದ್ದಾನೆ. ಹಲ್ಲು ಉದುರುವ ಹೊಡೆತಗಳ ನಡುವೆ ಅವನು ಗಮನಿಸಿದ ಒಂದು ವಿವರ ನನಗೆ ಮುಖ್ಯ. ಕುಸ್ತಿಗೆ ಇಳಿಯುವ ಇಬ್ಬರನ್ನೂ ಕಣದಲ್ಲಿ ಸರಿಸಮಾನವಾಗಿ ನಿಲ್ಲಿಸಲು, ಗೆದ್ದವನಿಗೆ ಸಲ್ಲಬೇಕಾದ ಗೌರವ ತೀರ್ಮಾನಿಸಲು ನಾಯಕರೂ ತೀರ್ಪುಗಾರರೂ ಬೇರೆಯಾಗಿಯೇ ಇದ್ದರಂತೆ. ಖರ್ಚು ಅರಸನದು. ಕಣದಲ್ಲಿ ತೀರ್ಪು ಹೇಳುವ ಕೆಲಸ ಮಾತ್ರ ಅದಕ್ಕೆಂದೇ ನಿಂತವರದು. ಕೊಡುವ ಕೈ ಮತ್ತು ಪಟ್ಟಿ ಬರೆಯುವ ಕೈ ಬೇರೆಬೇರೆ ಇರಲಿ ಎಂಬಷ್ಟನ್ನು ಜಾರಿಗೆ ತರಲು ಯಾವ ಕಾಲೇಜಿಗೂ ಹೆಚ್ಚಿನ ಖರ್ಚಿಲ್ಲ.

ಹೀಗೆ ಬರೆಯುವಾಗ ನನ್ನ ಕೈಯನ್ನೂ ನೋಡಿಕೊಳ್ಳಬೇಕಾಗಿದೆ. ಕೆಲವು ವರ್ಷಗಳ ಹಿಂದೆ ನಾನಿದ್ದ ಧರ್ಮಕೇಂದ್ರದ ಹಬ್ಬಕ್ಕೆ ಯುವಕರ ವಾಲಿಬಾಲ್ ಪಂದ್ಯ ಇಟ್ಟಿದ್ದೆವು. ಪೆಂಡಾಲಿನ ಖರ್ಚು ಕೊಟ್ಟವರ ತಮ್ಮನನ್ನು ನಮ್ಮ ತಂಡದ ನಾಯಕನನ್ನಾಗಿ ಮಾಡಿದೆ. ಯಾರೂ ಕೇಳಿರಲಿಲ್ಲ, ನಾನೇ ಮಾಡಿದೆ. ಕೊಟ್ಟವರನ್ನು ಸಂತೋಷಪಡಿಸುವ ಚಪಲ ನಮ್ಮಂಥವರಿಗೆ ಬೇಗ ಅಂಟುತ್ತದೆ. ಪಾಪ ಯಾರದು ಎಂದು ಆ ತಂದೆ ಕೇಳಿದ ಪ್ರಶ್ನೆಗೆ ನನ್ನ ಉತ್ತರ ಈಗ ಇಷ್ಟಾಗಿದೆ: ಕೇಳಿದವರದು ಸ್ವಲ್ಪ, ಬರೆದವರದು ಹೆಚ್ಚು, ತಿಳಿದೂ ಸುಮ್ಮನಿದ್ದ ಕೋಚರದೂ ಇಲ್ಲದಿಲ್ಲ. ಮತ್ತು ಅದನ್ನು ದೇವರ ಚಿತ್ತವೆಂದು ದೇವರ ತಲೆಗೆ ಕಟ್ಟಿದ ನನ್ನದೂ ಇದೆ. ದೇವರು ಅದನ್ನು ತಡೆಯಲಿಲ್ಲ, ನಿಜ. ತಡೆಯದೆ ಇರುವುದು ಬೇರೆ, ಬಯಸುವುದು ಬೇರೆ. ಮಗನಿಗೆ ಅನ್ಯಾಯವಾದಾಗ ‘ಇದು ಅನ್ಯಾಯ’ ಎಂದು ಅವನೆದುರು ಒಂದು ಸಲವಾದರೂ ಹೇಳುವುದು ತಂದೆತಾಯಿಗಳ ಕರ್ತವ್ಯ. ಆಮೇಲೆ ಕ್ಷಮೆಯ ಮಾತು ಬರಲಿ. ಅನ್ಯಾಯವೇ ಆಗಿಲ್ಲವೆಂದ ಮೇಲೆ ಮಗ ಕ್ಷಮಿಸುವುದಾದರೂ ಏನನ್ನು?

ಆ ಮಾತನ್ನು ಹೇಳಲು ನಾನು ಕಂಪ್ಲಿಗೆ ಹೋದದ್ದು ನಾಲ್ಕು ತಿಂಗಳು ತಡವಾಗಿ. ಹುಡುಗ ಗದ್ದೆಯಲ್ಲಿದ್ದ. ನನ್ನ ಮಾತು ಕೇಳಿಸಿಕೊಂಡು, ಒಳಗೆ ಹೋಗಿ ಒಂದು ಪ್ಲಾಸ್ಟಿಕ್ ಚೀಲ ತಂದುಕೊಟ್ಟ. ಲಾರಿ ಮಾಲೀಕರು ಕೊಡಿಸಿದ ಬೂಟು. “ಅಪ್ಪ ವಾಪಸ್ ಕೊಡು ಅಂತಾನ್ರಿ, ಅವ್ವ ಬ್ಯಾಡ ಅಂತಾಳ. ನೀವ ಇಟ್ಕೊಳ್ರಿ, ಯಾರಿಗರ ಬೇಕಾದ್ರ ಕೊಡ್ರಿ” ಎಂದ. ಹಿಮ್ಮಡಿ ಸವೆದಿತ್ತು, ತೊಳೆದು ಒಣಗಿಸಿದ್ದ. ವಾಪಸ್ ಕೊಟ್ಟರೆ ಕೊಟ್ಟವರಿಗೆ ಅವಮಾನ, ಇಟ್ಟುಕೊಂಡರೆ ಇವನಿಗೆ ಅವಮಾನ. ಯಾವುದು ಸರಿಯೆಂದು ನನಗೆ ಅಂದೂ ತಿಳಿಯಲಿಲ್ಲ. ಮರುವರ್ಷ ಅವನು ಮತ್ತೆ ಆಯ್ಕೆಗೆ ಹೋದ, ಗೆಳೆಯನ ಬೂಟು ಎರವಲು ತಂದು. ಪಟ್ಟಿಯಲ್ಲಿ ಒಂಬತ್ತನೆಯ ಹೆಸರು ಅವನದಾಗಿತ್ತು. ಆ ಚೀಲ ನಮ್ಮ ಕಚೇರಿಯ ಬೀರುವಿನಲ್ಲಿ, ಜ್ಞಾನಸ್ನಾನದ ದಾಖಲೆ ಪುಸ್ತಕಗಳ ಕೆಳಗಿನ ಅರೆಯಲ್ಲಿ ಇನ್ನೂ ಇದೆ. ಒಂಬತ್ತನೆಯ ಅಳತೆ.